ಚೇಳು ಹುಡುಕುವ ಅತಿನೇರಳೆ ಟಾರ್ಚ್: ಹಳೆಯ ಕಲ್ಲುಮನೆಯಲ್ಲಿ ಬಳಸಿ ಬರೆದ ವಿಮರ್ಶೆ

ಬಾಗಲಕೋಟೆ, ಕೊಪ್ಪಳ, ರಾಯಚೂರು, ಯಾದಗಿರಿಯಂಥ ಕಲ್ಲುನೆಲದ ಜಿಲ್ಲೆಗಳ ಹಳೆಯ ಮಾಳಿಗೆ ಮನೆಗಳಲ್ಲಿ ಇರುವವರಿಗೆ ಚೇಳು ಹೊಸದಲ್ಲ. ಮಣ್ಣು ಮೆತ್ತಿ ಕಟ್ಟಿದ ಕಲ್ಲುಗೋಡೆಯ ಸಂದುಗಳು, ಜಂತಿಗಳ ಮೇಲೆ ಹಾಸಿದ ಮಣ್ಣು, ಹಿತ್ತಲಿನ ಕುಳ್ಳಿನ ರಾಶಿ, ಕಟ್ಟಿಗೆಯ ಒಟ್ಟಲು ಇವೆಲ್ಲ ಅದು ಹಗಲಿಡೀ ಅಡಗಿ ಕೂರುವ ಜಾಗಗಳು. ಬಾಗಲಕೋಟೆ ಜಿಲ್ಲೆಯ ನಮ್ಮ ಮನೆಯೂ ಇಂಥದ್ದೇ, ಮತ್ತು ಅಲ್ಲಿ ನೆಲದ ಮೇಲೆ ಆಡುವ, ನೆಲದ ಮೇಲೆಯೇ ಮಲಗುವ ಮಕ್ಕಳಿದ್ದಾರೆ. ಆದ್ದರಿಂದ ಎರಡು ಬಗೆಯ ಅತಿನೇರಳೆ ಟಾರ್ಚ್‌ಗಳನ್ನು ಕೊಂಡು, ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೂ ಬಳಸಿ ನೋಡಿದೆವು. ಅದೇ ಅವಧಿಯಲ್ಲಿ ಕೀಟ ನಿಯಂತ್ರಣ ಸೇವೆಯೊಂದನ್ನು ಕರೆಸಿದ್ದೆವು, ಕಿವಿಗೆ ಕೇಳದ ಶಬ್ದದಿಂದ ಕೀಟಗಳನ್ನು ಓಡಿಸುತ್ತದೆಂದು ಮಾರುವ, ಪ್ಲಗ್ಗಿಗೆ ಸಿಕ್ಕಿಸುವ ಶ್ರವಣಾತೀತ ಯಂತ್ರವನ್ನೂ ತರಿಸಿದ್ದೆವು. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಇವೆಲ್ಲವುಗಳಲ್ಲಿ ಹಣಕ್ಕೆ ತಕ್ಕ ವಸ್ತು ಎಂದರೆ 365 ನ್ಯಾನೊಮೀಟರ್ (ಬೆಳಕಿನ ಅಲೆಯುದ್ದದ ಅಳತೆ) ಟಾರ್ಚ್ ಒಂದೇ. ಆದರೆ ಟಾರ್ಚ್ ಚೇಳನ್ನು ಮನೆಯಿಂದ ದೂರ ಇಡುವುದಿಲ್ಲ. ಅದು ಯಾವ ಸಂದಿನಿಂದ ಬರುತ್ತಿದೆ, ಸಿಮೆಂಟನ್ನು ಎಲ್ಲಿ ತುಂಬಬೇಕು ಎಂಬುದನ್ನು ತೋರಿಸುತ್ತದೆ, ಅಷ್ಟೆ. ಆ ಕೆಲಸವನ್ನು ಬೇರಾವ ಸಾಧನವೂ ಇಷ್ಟು ಕಡಿಮೆ ಖರ್ಚಿನಲ್ಲಿ ಮಾಡಲಾರದು.

ಚೇಳಿನ ಹೊರಕವಚದಲ್ಲಿ ಬೀಟಾ ಕಾರ್ಬೊಲಿನ್ ಮತ್ತು ಕುಮರಿನ್ ಜಾತಿಯ ರಾಸಾಯನಿಕಗಳಿವೆ. ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅತಿನೇರಳೆ ಬೆಳಕು ಅದರ ಮೇಲೆ ಬಿದ್ದಾಗ ಈ ವಸ್ತುಗಳು ಅದನ್ನು ಹೀರಿಕೊಂಡು ನೀಲಿ ಬೆರೆತ ಹಸಿರು ಬೆಳಕನ್ನು ಹೊರಸೂಸುತ್ತವೆ. ಕತ್ತಲಲ್ಲಿ ರೇಡಿಯಂ ಗಡಿಯಾರದ ಮುಳ್ಳು ಕಾಣುವಂತೆ ಇಡೀ ಚೇಳು, ಇಕ್ಕಳದಿಂದ ಕೊಂಡಿಯವರೆಗೆ, ಎದ್ದು ಕಾಣುತ್ತದೆ. ಆದರೆ ಟಾರ್ಚ್ ಆರಿಸಿದೊಡನೆ ಆ ಹೊಳಪೂ ಆರುತ್ತದೆ. ಚೇಳಿಗೆ ಈ ಹೊಳಪಿನಿಂದ ಏನು ಉಪಯೋಗ ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಮೈಯೆಲ್ಲ ಸೇರಿ ಬೆಳಕನ್ನು ಗುರುತಿಸಿ ನೆರಳಿನ ಕಡೆ ಸರಿಯಲು ಇದು ನೆರವಾಗಬಹುದು ಎಂಬುದು ಒಂದು ವಾದ. ಮನೆಯವರಿಗೆ ಉಪಯೋಗಕ್ಕೆ ಬರುವ ಸಂಗತಿ ಬೇರೆ. ಕಂದು ಬಣ್ಣದ ಚೇಳು ಕಂದು ಮಣ್ಣಿನ ಗೋಡೆಯ ಮೇಲೆ ಬಿಳಿ ಬೆಳಕಿನಲ್ಲಿ ಒಂದು ಮೊಳ ದೂರದಲ್ಲಿದ್ದರೂ ಕಣ್ತಪ್ಪಬಹುದು. ಅದೇ ಚೇಳು ಅತಿನೇರಳೆ ಬೆಳಕಿನಲ್ಲಿ ಬಾಗಿಲಲ್ಲಿ ನಿಂತವರಿಗೇ ಕಾಣುತ್ತದೆ.

ಮಾರುಕಟ್ಟೆಯಲ್ಲಿ ಈ ಟಾರ್ಚ್‌ಗಳು ಎರಡು ಬಗೆಯಲ್ಲಿ ಸಿಗುತ್ತವೆ, ಮತ್ತು ಅವುಗಳ ನಡುವಿನ ವ್ಯತ್ಯಾಸವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಮೊದಲನೆಯದು 395 ನ್ಯಾನೊಮೀಟರಿನದು. ಹತ್ತಾರು ಪುಟ್ಟ ದೀಪಗಳನ್ನು ವೃತ್ತಾಕಾರವಾಗಿ ಜೋಡಿಸಿರುವ, ಸಾಧಾರಣ ಸಣ್ಣ ಸೆಲ್ಲುಗಳಲ್ಲಿ ಉರಿಯುವ, ನೋಟು ಪರೀಕ್ಷಿಸಲು ಮತ್ತು ಎ.ಸಿ. ಸೋರಿಕೆ ಹುಡುಕಲು ಮಾರುವ ಟಾರ್ಚ್ ಇದು. ಬೆಲೆ ರೂ. 500ರ ಒಳಗೆ. ಇದರ ತೊಂದರೆ ಏನೆಂದರೆ, 395 ನ್ಯಾನೊಮೀಟರ್ ಎಂಬುದು ಕಣ್ಣಿಗೆ ಕಾಣುವ ಬೆಳಕಿನ ಅಂಚಿಗೆ ತೀರ ಹತ್ತಿರದ ಅಲೆಯುದ್ದವಾದ್ದರಿಂದ ಟಾರ್ಚ್ ಹೊತ್ತಿಸಿದಾಗ ಗೋಡೆ, ನೆಲ, ಪಾತ್ರೆ ಎಲ್ಲವೂ ನೇರಳೆಯಾಗಿ ಬೆಳಗುತ್ತವೆ ಮತ್ತು ಆ ನೇರಳೆಯ ನಡುವೆ ಚೇಳಿನ ಹಸಿರು ಮಂಕಾಗುತ್ತದೆ. ಬಚ್ಚಲಿನಂಥ ಇಕ್ಕಟ್ಟಾದ ಜಾಗದಲ್ಲಿ, ಮಂಚದ ಕೆಳಗೆ, ಚಪ್ಪಲಿಯ ಒಳಗೆ ನೋಡಲು ಅದು ಸಾಕು. ಸುಣ್ಣ ಬಳಿದ ಗೋಡೆಯ ಮೇಲ್ಭಾಗವನ್ನೋ ಜಂತಿಗಳ ಸಾಲನ್ನೋ ನೋಡಲು ಸಾಲದು. ಸೆಲ್ಲು ಸ್ವಲ್ಪ ಇಳಿದರೂ ಬೆಳಕು ಕುಗ್ಗುತ್ತದೆ, ಆಗ ಚೇಳು ಇದ್ದರೂ ಇಲ್ಲವೆಂದು ತಿಳಿದು ಮಲಗುವ ಅಪಾಯವಿದೆ.

ಎರಡನೆಯದು 365 ನ್ಯಾನೊಮೀಟರಿನದು, ಒಂದೇ ಶಕ್ತಿಯುತ ದೀಪ ಇರುವಂಥದ್ದು, ಮುಂದೆ ಕಪ್ಪು ಬಣ್ಣದ ಸೋಸುಗಾಜು ಕೂರಿಸಿರುವಂಥದ್ದು. ಆ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅತಿನೇರಳೆಯನ್ನು ಮಾತ್ರ ಬಿಡುತ್ತದೆ. ಹೊತ್ತಿಸಿದಾಗ ಟಾರ್ಚ್ ಉರಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಗೋಡೆ ಕತ್ತಲಾಗಿಯೇ ಉಳಿಯುತ್ತದೆ. ಆ ಕತ್ತಲಲ್ಲಿ ಹೊಳೆಯುವ ವಸ್ತು ಮಾತ್ರ ಕಾಣುತ್ತದೆ. ನಮ್ಮ ಹಿತ್ತಲಿನ ಈ ತುದಿಯಲ್ಲಿ ನಿಂತು ಆ ತುದಿಯ ಕಲ್ಲಿನ ಪಾಗಾರದ ಮೇಲಿದ್ದ ಚೇಳನ್ನು ಇದರಿಂದ ಸ್ಪಷ್ಟವಾಗಿ ನೋಡಿದ್ದೇವೆ. ಚಾರ್ಜ್ ಮಾಡುವ ಲಿಥಿಯಂ ಸೆಲ್ಲಿನ ಸಮೇತ ಇದರ ಬೆಲೆ ಮೊದಲನೆಯದರ ಮೂರು ನಾಲ್ಕು ಪಟ್ಟು ಆಗುತ್ತದೆ. ನನ್ನ ದೃಷ್ಟಿಯಲ್ಲಿ ಆ ಹೆಚ್ಚಿನ ಹಣ ಸಂಪೂರ್ಣ ಸಾರ್ಥಕ. ಕೊಳ್ಳುವಾಗ ಒಂದು ವಿಷಯ ಗಮನಿಸಬೇಕು: 365 ಎಂದು ಬರೆದಿದ್ದರೂ ಮುಂದಿನ ಕಪ್ಪು ಗಾಜು ಇಲ್ಲದ ಟಾರ್ಚ್ ಬೆಳ್ಳಗಿನ ಮಬ್ಬು ಬೆಳಕನ್ನೂ ಚೆಲ್ಲುತ್ತದೆ, ಅದರಿಂದ ಅರ್ಧ ಪ್ರಯೋಜನ ನಷ್ಟವಾಗುತ್ತದೆ.

ಈ ಬೆಳಕು ಏನನ್ನು ತೋರಿಸುವುದಿಲ್ಲ ಎಂಬುದನ್ನು ಮಾರುವವರು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಅದನ್ನು ಒತ್ತಿ ಹೇಳಲೇಬೇಕು. ಹಾವು ಇದರಲ್ಲಿ ಚೇಳಿನಂತೆ ಹೊಳೆಯುವುದಿಲ್ಲ. ರಾತ್ರಿ ಹಿತ್ತಲಿಗೆ ಅತಿನೇರಳೆ ಟಾರ್ಚ್ ಒಂದನ್ನೇ ಹಿಡಿದು ಹೋದರೆ ಕಾಲಡಿಯ ಕಟ್ಟುಹಾವಾಗಲಿ, ಕೊಳಕುಮಂಡಲವಾಗಲಿ ಕಾಣುವುದಿಲ್ಲ. ನಡೆಯುವ ದಾರಿಗೆ ಬಿಳಿ ಬೆಳಕಿನ ಟಾರ್ಚ್, ನಿಂತು ಹುಡುಕುವುದಕ್ಕೆ ಅತಿನೇರಳೆ ಟಾರ್ಚ್, ಕಾಲಿಗೆ ಮುಚ್ಚಿದ ಬೂಟು ಎಂಬ ನಿಯಮವನ್ನು ನಮ್ಮ ಮನೆಯಲ್ಲಿ ಯಾರೂ ಮೀರುವಂತಿಲ್ಲ. ಎರಡನೆಯದಾಗಿ, ಚೇಳು ಪೊರೆ ಕಳಚಿದ ಹೊಸತರಲ್ಲಿ ಅದರ ಮೈ ಮೆತ್ತಗಿರುತ್ತದೆ, ಕವಚ ಗಟ್ಟಿಯಾಗುವವರೆಗೆ ಹೊಳಪು ಬಹಳ ಕಡಿಮೆ. ತಾಯಿಯ ಬೆನ್ನ ಮೇಲೆ ಕುಳಿತ ಎಳೆಯ ಮರಿಗಳೂ ಹಾಗೆಯೇ. ಹೊಳೆಯುವ ತಾಯಿಯ ಬೆನ್ನು ಎಲ್ಲಾದರೂ ಮಂಕಾಗಿ, ಉಬ್ಬಿದಂತೆ ಕಂಡರೆ ಅಲ್ಲಿ ಮರಿಗಳ ಗುಂಪೇ ಇರಬಹುದೆಂದು ತಿಳಿಯಬೇಕು. ತಾಯಿಯನ್ನು ಹೊಡೆದರೆ ಅವು ಚೆದುರಿ ಸಂದುಗಳಿಗೆ ಸೇರಿಕೊಳ್ಳುತ್ತವೆ. ಇದಕ್ಕೆ ತದ್ವಿರುದ್ಧವಾಗಿ ಕಳಚಿಬಿದ್ದ ಪೊರೆ ಜೀವಂತ ಚೇಳಿನಷ್ಟೇ ಚೆನ್ನಾಗಿ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಧೋತರ, ಕಾಗದದ ಚೂರು, ಪ್ಲಾಸ್ಟಿಕ್ ದಾರ ಇವೂ ಹೊಳೆಯುತ್ತವೆ, ಆದರೆ ಅವುಗಳ ಹೊಳಪು ಬಿಳಿ ಅಥವಾ ನೀಲಿ. ಸ್ವಲ್ಪ ರೂಢಿಯಾದ ಮೇಲೆ ಚೇಳಿನ ಹಸಿರನ್ನು ಕಣ್ಣು ಬೇರೆಯಾಗಿಯೇ ಗುರುತಿಸುತ್ತದೆ.

ಚೇಳು ಯಾವ ಜಾತಿಯದು ಎಂಬುದನ್ನು ಈ ಬೆಳಕಿನಲ್ಲಿ ಬಣ್ಣದಿಂದ ತಿಳಿಯಲಾಗದು, ಏಕೆಂದರೆ ಕೆಂಚೇಳೂ ಕರಿಚೇಳೂ ಒಂದೇ ರೀತಿ ಹಸಿರಾಗಿ ಕಾಣುತ್ತವೆ. ಆಕಾರವನ್ನು ನೋಡಬೇಕು. ನಮ್ಮ ಭಾಗದಲ್ಲಿ ಭಯಪಡಬೇಕಾದದ್ದು ಕೆಂಚೇಳು, ವಿಜ್ಞಾನದ ಹೆಸರು ಹಾಟೆಂಟೋಟಾ ಟ್ಯಾಮುಲಸ್. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಹರಡಿರುವ ಇದು ಗಾತ್ರದಲ್ಲಿ ದೊಡ್ಡದೇನಲ್ಲ, ಬಾಲ ಸೇರಿ 5ರಿಂದ 9 ಸೆಂಟಿಮೀಟರ್. ಇದರ ಇಕ್ಕಳಗಳು ಸಣಕಲು, ಬಾಲ ದಪ್ಪ. ಹೊಲದ ಬದುವಿನ ಬಿಲಗಳಲ್ಲಿ ಸಿಗುವ ದೊಡ್ಡ ಕರಿಚೇಳಿನ ಇಕ್ಕಳಗಳು ಏಡಿಯ ಕೊಂಬಿನಷ್ಟು ಅಗಲ, ಬಾಲ ಅದಕ್ಕೆ ಹೋಲಿಸಿದರೆ ತೆಳು. ನೋಡಲು ಭಯಂಕರವಾದರೂ ಅದರ ವಿಷ ಕೆಂಚೇಳಿನ ವಿಷದಷ್ಟು ಅಪಾಯಕಾರಿಯಲ್ಲ. ಬೇಟೆಯನ್ನು ಇಕ್ಕಳದ ಬಲದಿಂದ ಜಜ್ಜಬಲ್ಲ ಪ್ರಾಣಿಗೆ ತೀಕ್ಷ್ಣ ವಿಷ ಬೇಕಾಗುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ದೊಡ್ಡದನ್ನು ಕಂಡು ಕಿರುಚಿ ಸಣ್ಣದನ್ನು ಅಲಕ್ಷಿಸುವ ನಮ್ಮ ರೂಢಿ ಬದಲಾಗಬೇಕು. ಗುರುಮಠಕಲ್ ಬಳಿಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಭಕ್ತರು ಕೊಂಡಮಾಯಿ ದೇವಿಯ ಬೆಟ್ಟ ಹತ್ತಿ ಕಲ್ಲುಗಳ ಅಡಿಯ ಚೇಳುಗಳನ್ನು ಅಂಗೈಯಲ್ಲಿ, ಮುಖದ ಮೇಲೆ ಬಿಟ್ಟುಕೊಳ್ಳುವುದನ್ನು ನೋಡಿದವರಿಗೆ ಚೇಳಿನ ಬಗ್ಗೆ ಧೈರ್ಯ ಬರುವುದು ಸಹಜ. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ದಿನದ ಧೈರ್ಯವನ್ನು ಮಕ್ಕಳು ಮಲಗಿರುವ ಪಡಸಾಲೆಗೆ ತರಬಾರದು.

ಟಾರ್ಚ್‌ನ ನಿಜವಾದ ಬೆಲೆ ತಿಳಿದದ್ದು ಅದರಿಂದ ಚೇಳು ಹಿಡಿದಾಗಲ್ಲ, ಅವು ಓಡಾಡುವ ದಾರಿಗಳು ಗೊತ್ತಾದಾಗ. ಕತ್ತಲಾಗಿ ಒಂದೆರಡು ತಾಸು ಕಳೆದ ಮೇಲೆ ಮನೆಯ ಸುತ್ತ ನಿಧಾನವಾಗಿ ಬೆಳಕು ಹಾಯಿಸಿ, ಚೇಳು ಕಂಡ ಕಡೆ ಹಗಲಿನಲ್ಲಿ ನೋಡಲು ಸೀಮೆಸುಣ್ಣದ ಗುರುತು ಹಾಕುತ್ತಿದ್ದೆವು. ಗುರುತುಗಳು ಗೋಡೆಯ ಎಲ್ಲ ಕಡೆ ಹರಡಿಕೊಳ್ಳಲಿಲ್ಲ. ಬಚ್ಚಲಿನ ನೀರು ಹೊರಹೋಗುವ ತೂತು, ಹಿಂಬಾಗಿಲ ಹೊಸ್ತಿಲಿನ ಅಡಿ, ವಿದ್ಯುತ್ ತಂತಿಯ ಪೈಪು ಗೋಡೆಯೊಳಗೆ ಹೋಗುವ ಜಾಗ, ಕಟ್ಟಿಗೆ ಒಟ್ಟಿದ್ದ ಮೂಲೆಗೆ ತಾಗಿದ ಗೋಡೆ, ಈ ನಾಲ್ಕರಲ್ಲಿಯೇ ಅವು ಸೇರಿಕೊಂಡಿದ್ದವು. ಇಡೀ ಮನೆಗೆ ಗಿಲಾವು ಮಾಡಿಸುವ ಖರ್ಚನ್ನು ಲೆಕ್ಕ ಹಾಕಿ ಕೈಚೆಲ್ಲಿದ್ದ ನಮಗೆ ಇದು ದೊಡ್ಡ ಸಮಾಧಾನ ತಂದಿತು.

ಬಚ್ಚಲಿನ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕೂರಿಸಿದೆವು. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹೊಡೆಸಿದೆವು. ರಾತ್ರಿ ಒಳಗೆ ದೀಪ ಹಚ್ಚಿ ಹೊರಗೆ ನಿಂತು ನೋಡಿದಾಗ ಬಾಗಿಲಡಿ ಬೆಳಕಿನ ಗೆರೆ ಕಂಡರೆ ಪಟ್ಟಿ ಸರಿಯಾಗಿ ಕೂತಿಲ್ಲವೆಂದೇ ಅರ್ಥ, ಏಕೆಂದರೆ ಚೇಳು ತನ್ನ ಚಪ್ಪಟೆ ಮೈಯನ್ನು ಕೆಲವೇ ಮಿಲಿಮೀಟರ್ ಸಂದಿನಲ್ಲಿ ತೂರಿಸಬಲ್ಲದು. ಪೈಪಿನ ಸುತ್ತ ಸಿಮೆಂಟ್ ತುಂಬಿದೆವು. ಕಟ್ಟಿಗೆ ಮತ್ತು ಕುಳ್ಳನ್ನು ಗೋಡೆಯಿಂದ ದೂರ ಸರಿಸಿ, ಕಲ್ಲುಗಳ ಮೇಲೆ ಹಲಗೆ ಇಟ್ಟು ಒಟ್ಟಿದೆವು. ಒರಟು ಗೋಡೆಯನ್ನು ಸರಾಗವಾಗಿ ಏರುವ ಚೇಳು ನುಣುಪಾದ ಗಾಜನ್ನಾಗಲಿ ಹೊಳಪಿನ ಟೈಲ್ಸನ್ನಾಗಲಿ ಏರಲಾರದು. ಆದ್ದರಿಂದ ಹಿಂಬಾಗಿಲ ಇಕ್ಕೆಲದ ಗೋಡೆಗೆ, ಹೊಸ್ತಿಲಿಗೆ ಹತ್ತಿದಂತೆ ಕೆಳಗಿನ ಎರಡು ಸಾಲು ಹೊಳಪಿನ ಟೈಲ್ಸ್ ಹಾಕಿಸಿದ್ದು ನಮ್ಮ ಮನೆಯಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಹಾಸಿಗೆಯನ್ನು ಗೋಡೆಗೆ ತಾಗದಂತೆ ಹಾಸುವುದು, ಹೊದಿಕೆ ನೆಲಕ್ಕೆ ಜೋತುಬೀಳದಂತೆ ನೋಡಿಕೊಳ್ಳುವುದು, ಗೂಟಕ್ಕೆ ಹಾಕಿದ ಅಂಗಿಯನ್ನೂ ಚಪ್ಪಲಿ, ಬೂಟುಗಳನ್ನೂ ಕೊಡವಿಯೇ ತೊಡುವುದು ಇವು ಹಿರಿಯರು ಹೇಳುತ್ತ ಬಂದವೇ. ಟಾರ್ಚ್ ಇದ್ದರೂ ಇವನ್ನು ಬಿಡುವಂತಿಲ್ಲ.

ಕೀಟ ನಿಯಂತ್ರಣದವರ ಸೇವೆಯ ಬಗ್ಗೆ ನನಗೆ ಅರೆಮನಸ್ಸಿನ ಮೆಚ್ಚುಗೆಯಿದೆ. ಅವರು ಬಂದು ಕೋಣೆಗಳ ಅಂಚಿಗೆಲ್ಲ ಪೈರೆಥ್ರಾಯ್ಡ್ ಜಾತಿಯ ಔಷಧಿ ಹೊಡೆದರು, ಜಿರಳೆಗಳು ನಿಜವಾಗಿಯೂ ಕಡಿಮೆಯಾದವು. ಚೇಳಿಗೆ ಜಿರಳೆ, ಮಿಡತೆ, ಚಿಮ್ಮಂಡೆಗಳೇ ಆಹಾರವಾದ್ದರಿಂದ ಇದರಿಂದ ಕಾಲಕ್ರಮೇಣ ಲಾಭ ಇದ್ದೇ ಇದೆ. ಆದರೆ ಚೇಳು ಇನ್ನು ಬರುವುದಿಲ್ಲ ಎಂದು ಅವರು ಕೊಟ್ಟ ಭರವಸೆ ನಿಲ್ಲಲಿಲ್ಲ. ಅನಂತರದ ರಾತ್ರಿಗಳಲ್ಲಿ ಬೆಳಕು ಹಾಯಿಸಿದಾಗ ಹೊರಗೋಡೆಯ ಮೇಲೆ ಅವು ಮೊದಲಿನಂತೆಯೇ ಕಂಡವು. ಕಾರಣ ಊಹಿಸುವುದು ಕಷ್ಟವಲ್ಲ. ಚೇಳು ಜಿರಳೆಯಂತೆ ಮೈಯುಜ್ಜಿಕೊಂಡು ಓಡಾಡದೆ ಕಾಲ ತುದಿಯ ಮೇಲೆ ನಡೆಯುವುದರಿಂದ ಒಣಗಿದ ಔಷಧಿ ಅದಕ್ಕೆ ತಾಗುವುದು ಕಡಿಮೆ. ಮಣ್ಣುಗೋಡೆ ಔಷಧಿಯನ್ನು ಹೀರಿಕೊಳ್ಳುತ್ತದೆ, ಬಿಸಿಲು ಅದರ ಶಕ್ತಿಯನ್ನು ಕುಂದಿಸುತ್ತದೆ. ತಿಂಗಳುಗಟ್ಟಲೆ ಆಹಾರವಿಲ್ಲದೆ ಸಂದಿನಲ್ಲಿ ಕೂರಬಲ್ಲ ಪ್ರಾಣಿಗೆ ಹೊರಬರುವ ಅವಸರವೂ ಇಲ್ಲ. ಇಂಥ ಸೇವೆಯನ್ನು ಕರೆಸುವವರು ಒಳಕೋಣೆಗಳಿಗಿಂತ ಹೊರಗಿನ ತಳಪಾಯದ ಸುತ್ತ ಮತ್ತು ನಿರ್ದಿಷ್ಟ ಬಿರುಕುಗಳಿಗೆ ಹೊಡೆಯುವಂತೆ ಕೇಳಬೇಕು, ಮಕ್ಕಳಿರುವ ಮನೆಯಲ್ಲಿ ನೆಲಕ್ಕೆಲ್ಲ ಹೊಡೆಸಬಾರದು ಎಂಬುದು ನನ್ನ ಸಲಹೆ. ಶ್ರವಣಾತೀತ ಯಂತ್ರದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಅದು ಉರಿಯುತ್ತಿದ್ದ ಕೋಣೆಯ ಗೋಡೆಯ ಮೇಲೆಯೇ ಚೇಳು ಹೊಳೆಯುವುದನ್ನು ನೋಡಿದ ಮೇಲೆ ತೆಗೆದಿಟ್ಟೆವು. ಇಂಥ ಯಂತ್ರಗಳ ಪರಿಣಾಮದ ಹೇಳಿಕೆಗಳಿಗೆ ವೈಜ್ಞಾನಿಕ ಆಧಾರ ಇರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ 60ಕ್ಕೂ ಹೆಚ್ಚು ತಯಾರಕರಿಗೆ ಮತ್ತು ಮಾರಾಟಗಾರರಿಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ಯಾವ ಸಾಧನ ಕೊಂಡರೂ ಕುಟುಕಿದಾಗ ಏನು ಮಾಡಬೇಕೆಂದು ಮನೆಯವರೆಲ್ಲರಿಗೂ ತಿಳಿದಿರಬೇಕು. ಕೆಂಚೇಳಿನ ವಿಷ ನರಗಳನ್ನು ಕೆರಳಿಸಿ ದೇಹದಲ್ಲಿ ಅಡ್ರಿನಲಿನ್‌ನಂಥ ರಾಸಾಯನಿಕಗಳನ್ನು ಒಮ್ಮೆಲೇ ಹರಿಯಬಿಡುತ್ತದೆ. ವಾಂತಿ, ಮೈಯೆಲ್ಲ ಬೆವರು, ಕೈಕಾಲು ತಣ್ಣಗಾಗುವುದು ಮೊದಲ ಲಕ್ಷಣಗಳು. ರಕ್ತದೊತ್ತಡ ಏರಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುವುದು ಮುಂದಿನ ಹಂತ. ಮಕ್ಕಳಿಗೆ ಅಪಾಯ ಹೆಚ್ಚು. ಮಹಾರಾಷ್ಟ್ರದ ಮಹಾಡದಲ್ಲಿ ದುಡಿದ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಮಾತ್ರೆ ಈ ವಿಷದ ಪರಿಣಾಮವನ್ನು ತಡೆಯಬಲ್ಲದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು, ಅದರಿಂದ ಸಾವುಗಳು ಬಹಳ ಇಳಿದವು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪ್ರಾಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗ ಆಗುತ್ತದೆಂದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಇವೆರಡೂ ವೈದ್ಯರು ಆಸ್ಪತ್ರೆಯಲ್ಲಿ ನಿರ್ಧರಿಸಿ ಕೊಡಬೇಕಾದ ಚಿಕಿತ್ಸೆಗಳು, ಮನೆಯಲ್ಲಿ ಇಟ್ಟುಕೊಂಡು ನುಂಗುವ ಮಾತ್ರೆಗಳಲ್ಲ. ಕುಟುಕಿದ ಜಾಗವನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ವಸ್ತುವನ್ನು ಇಟ್ಟು, 108ಕ್ಕೆ ಕರೆ ಮಾಡುವುದೋ ಸಿಕ್ಕ ವಾಹನದಲ್ಲಿ ಹೊರಡುವುದೋ ಮಾಡಬೇಕು. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸಲು ಕಾಯುವುದು ಕೂಡದು. ನೋವು ಕಡಿಮೆ ಇದೆ ಎಂದು ಮಗುವನ್ನು ಮಲಗಿಸಿಬಿಡಬಾರದು. ಅಪಾಯವನ್ನು ಅಳೆಯಬೇಕಾದದ್ದು ನೋವಿನಿಂದಲ್ಲ, ಬೆವರು ಮತ್ತು ವಾಂತಿಯಿಂದ.

ಕಂಡ ಚೇಳನ್ನು ಹಿಡಿಯಲು ಅಡುಗೆಮನೆಯ ಚಿಕ್ಕ ಇಕ್ಕಳ ಸಾಲದು, ಮೊಳದುದ್ದದ ಇಕ್ಕಳವೇ ಬೇಕು. ಅಗಲ ಬಾಯಿಯ ಗಾಜಿನ ಡಬ್ಬಿಯೊಳಗೆ ಬಿಟ್ಟರೆ ಅದು ಮೇಲೇರಿ ಬರಲಾರದು. ಕರಿಚೇಳುಗಳನ್ನು ನಾವು ಊರಾಚೆಯ ಕಲ್ಲುಗುಡ್ಡಕ್ಕೆ ಬಿಟ್ಟು ಬರುತ್ತೇವೆ. ಮನೆಯೊಳಗೆ ಸಿಕ್ಕ ಕೆಂಚೇಳನ್ನು ಕೊಲ್ಲುವುದರಲ್ಲಿ ನನಗೆ ಅಳುಕಿಲ್ಲ. ಟಾರ್ಚ್‌ನ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು. ಕಾಣದ ಬೆಳಕಾದ್ದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಹಾನಿ ಮಾತ್ರ ಆಗುತ್ತದೆ. ಆದ್ದರಿಂದ ಇದನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಟ್ಟಿದ್ದೇವೆ. ಹುಣ್ಣಿಮೆಯ ಆಸುಪಾಸಿನಲ್ಲಿ ಚೇಳುಗಳು ಬಯಲಿಗೆ ಬರುವುದು ಕಡಿಮೆಯಾದ್ದರಿಂದ ಆಗ ಹುಡುಕಿ ಸಿಗಲಿಲ್ಲವೆಂದು ಮನೆ ಸ್ವಚ್ಛವಾಯಿತೆಂದು ತಿಳಿಯಬಾರದು. ಅಮಾವಾಸ್ಯೆಯ ಕಡೆಯ ಸೆಕೆಯ ರಾತ್ರಿಗಳಲ್ಲಿ ಮತ್ತೊಮ್ಮೆ ನೋಡಬೇಕು.

ಎತ್ತರದ ಅಪಾರ್ಟ್‌ಮೆಂಟಿನಲ್ಲಿ, ಟೈಲ್ಸ್ ಹಾಕಿದ ಹೊಸ ಮನೆಯಲ್ಲಿ ಇರುವವರಿಗೆ ಈ ಟಾರ್ಚ್ ಅಗತ್ಯವಿಲ್ಲ. ಕಲ್ಲುಮನೆ, ತೋಟದ ಮನೆ, ದನದ ಕೊಟ್ಟಿಗೆಗೆ ಹತ್ತಿದ ಮನೆ, ಹೊಸದಾಗಿ ಕಟ್ಟುತ್ತಿರುವ ಮನೆಯ ಪಕ್ಕದ ಇಟ್ಟಿಗೆ ರಾಶಿಯ ನಡುವೆ ಶೆಡ್ಡಿನಲ್ಲಿ ವಾಸಿಸುವ ಕೆಲಸಗಾರರ ಕುಟುಂಬ, ಇವರಿಗೆ ನಾನು ಎರಡು ಮಾತಿಲ್ಲದೆ ಶಿಫಾರಸು ಮಾಡುತ್ತೇನೆ. ಒಬ್ಬರಿಗೇ ದುಬಾರಿ ಎನಿಸಿದರೆ ಓಣಿಯ ನಾಲ್ಕಾರು ಮನೆಯವರು ಸೇರಿ ಕಪ್ಪು ಗಾಜಿನ 365 ಟಾರ್ಚ್ ಒಂದನ್ನು ಕೊಳ್ಳಬಹುದು, ಮುಂಗಾರಿನ ಮೊದಲ ಮಳೆಗೆ ಮುಂಚೆ ಸರದಿಯಂತೆ ಎಲ್ಲ ಮನೆಗಳ ಸುತ್ತ ಹಾಯಿಸಬಹುದು. ನಮ್ಮ ಓಣಿಯಲ್ಲಿ ಈಗ ನಮ್ಮ ಟಾರ್ಚ್ ಹಾಗೆಯೇ ಮನೆಯಿಂದ ಮನೆಗೆ ಹೋಗುತ್ತಿದೆ. ಒಯ್ಯುವವರು ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡಿಯೇ ಹಿಂದಿರುಗಿಸಬೇಕೆಂಬುದು ನಾವು ಹಾಕಿರುವ ಒಂದೇ ಷರತ್ತು.